ಡೆಪ್ಯುಟೇಶನ್ ಮೇಲೆ ಅನುದಾನ ಸಂಸ್ಥೆಗೆ ಹೋಗಿ ನಾನು ರಿವ್ಯೂವರ್‌ಗಳನ್ನು ಹುಡುಕಿದ ಬಗೆ

ಜಿಲ್ಲಾ ಕೇಂದ್ರದ ಕಾಲೇಜುಗಳಲ್ಲೂ, ಸಂಶೋಧನೆಗೆ ಹಣ ಕೇಳುವ ಪ್ರಪೋಸಲ್ ಓದಿ ಅಭಿಪ್ರಾಯ ಬರೆಯುವ, ಗಟ್ಟಿ ರಿವ್ಯೂವರ್‌ಗಳು ಇದ್ದಾರೆ. ನಾನು ಹುಡುಕಿದೆ, ಸಿಕ್ಕರು, ಕೆಲಸ ನಡೆಯಿತು. ದೆಹಲಿಯ ಒಂದು ಅನುದಾನ ಸಂಸ್ಥೆಗೆ ಡೆಪ್ಯುಟೇಶನ್ ಮೇಲೆ, ಅಂದ್ರೆ ಮೂಲ ಹುದ್ದೆ ಉಳಿಸಿಕೊಂಡೇ ಎರವಲಾಗಿ, ಹೋದಾಗ ಇದು ಆಗದ ಮಾತು ಅಂದವರೇ ಜಾಸ್ತಿ. "ಮೇಷ್ಟ್ರುಗಳು ಎರಡು ಸಾಲು ಬರೆದು ಕೈತೊಳೆದುಕೊಳ್ತಾರೆ, ಸುಮ್ನೆ ಟೈಮ್ ಹಾಳು" ಅಂತ ಹಿರಿಯರೊಬ್ಬರು ಸಭೆಯಲ್ಲೇ ಹೇಳಿದರು. ಆಮೇಲೆ ಅದೇ ಮೇಷ್ಟ್ರುಗಳ ವರದಿಗಳನ್ನು ತಜ್ಞರ ಸಮಿತಿ ಮೊದಲು ತೆಗೆದು ಓದುವ ಹಾಗಾಯಿತು. ಡೆಪ್ಯುಟೇಶನ್‌ಗೆ ಹೋಗುವ ಯೋಚನೆಯಲ್ಲಿರುವ ನಮ್ಮ ಕಡೆಯ ಸಹೋದ್ಯೋಗಿಗಳಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಬೇರೆ ಊರಿಗೆ ಹೋದವರಿಗೆ ಡೆಪ್ಯುಟೇಶನ್ ಭತ್ಯೆ ಮೂಲ ವೇತನದ ಶೇ. 10, ಆದರೆ 2022ರಲ್ಲಿ ನಾನು ಹೋದಾಗ ಅದಕ್ಕೆ 9,000 ರೂಪಾಯಿಯ ಮಿತಿ ಇತ್ತು. ಪ್ರೊಫೆಸರ್ ಸಂಬಳಕ್ಕೆ ಆ ಮಿತಿಯೇ ಗತಿ. ಒಂದು ರೂಮು, ಒಂದು ಅಡುಗೆಮನೆಗೆ ಬಾಡಿಗೆ 18-20 ಸಾವಿರ. ಮನೆಯವರು, ಮಕ್ಕಳು ಬಾಗಲಕೋಟೆಯಲ್ಲೇ ಉಳಿದರು. ಎರಡು ಕಡೆ ಸಂಸಾರ. ಊರಿಗೆ ಬರಬೇಕಂದ್ರೆ ಬೆಳಗಾವಿ ತನಕ ಗೋವಾ ಎಕ್ಸ್‌ಪ್ರೆಸ್, ಅಲ್ಲಿಂದ ಬಸ್ಸು. ಎಲ್ಲ ಸೇರಿಸಿದರೆ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಕೈಯಿಂದಲೇ ಹೋಯಿತು ಅನ್ನಿ. ಲ್ಯಾಬಿನ ನಷ್ಟ ಬೇರೆ. ಅಮೆರಿಕದ ಅನುದಾನ ಸಂಸ್ಥೆಯಾದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಲ್ಲಿ ವಿಶ್ವವಿದ್ಯಾಲಯಗಳಿಂದ ಎರವಲು ಬರುವ ವಿಜ್ಞಾನಿಗಳಿಗೆ ರೊಟೇಟರ್ ಅನ್ನುತ್ತಾರೆ. 1970ರ ಒಂದು ಕಾಯ್ದೆಯ ಅಡಿ ಹೆಚ್ಚೆಂದರೆ ನಾಲ್ಕು ವರ್ಷ ಇರಬಹುದು, ಮತ್ತು ತಮ್ಮ ಸಂಶೋಧನೆಗೆ ಒಂದಷ್ಟು ದಿನ ಮೀಸಲಿಡುವ ವ್ಯವಸ್ಥೆಯೂ ಅಲ್ಲಿದೆ. ನನಗೆ ಸಿಕ್ಕಿದ್ದು ಭಾನುವಾರಗಳು. ವಿದ್ಯಾರ್ಥಿಗಳಿಗೆ ವಿಡಿಯೊ ಕಾಲ್‌ನಲ್ಲೇ ಮಾರ್ಗದರ್ಶನ ಮಾಡಿದೆ.

ಕುರ್ಚಿಯಲ್ಲಿ ಕೂತ ಮೇಲೆ ಕಂಡಿದ್ದು ಏನಂದ್ರೆ, ಒಂದು ಪ್ರಪೋಸಲ್ ಆರೇಳು ಜನಕ್ಕೆ ಹೋಗುತ್ತದೆ, ವಾಪಸ್ ಬರುವುದು ಎರಡು ವರದಿ, ಅದೂ ನಾಲ್ಕು ನೆನಪೋಲೆ ಆದ ಮೇಲೆ. ಹೋಗುವುದೂ ಅದೇ ದೊಡ್ಡ ಸಂಸ್ಥೆಗಳ ಅದೇ ಜನಕ್ಕೆ. ಅವರ ಮೇಜಿನ ಮೇಲೆ ಆಗಲೇ ಹತ್ತು ಪ್ರಪೋಸಲ್ ಇರುತ್ತವೆ. ಅಂಕ ಎಲ್ಲರಿಗೂ ನೂರಕ್ಕೆ 70ರಿಂದ 85ರ ಒಳಗೆ. ಅದರಲ್ಲಿ ಯಾವುದನ್ನು ಆರಿಸುವುದು, ಯಾವುದನ್ನು ಬಿಡುವುದು?

ಅದಕ್ಕಿಂತ ನನಗೆ ಹೊಟ್ಟೆ ಉರಿದಿದ್ದು ಬಜೆಟ್ ಕತ್ತರಿಸುವ ರೀತಿ ನೋಡಿ. ತಾಲ್ಲೂಕು ಕಾಲೇಜಿನವರು ಯುಪಿಎಸ್‌ಗೆ ಎರಡು ಲಕ್ಷ ಕೇಳಿದರೆ "ಅನಗತ್ಯ" ಅಂತ ಒಂದೇ ಪದ. ಮೈನಸ್ 80ರ ಫ್ರೀಜರ್ ಮಂಜೂರು, ಅದನ್ನು ಕಾಯುವ ಯುಪಿಎಸ್ ರದ್ದು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಹೇಗಿರುತ್ತೆ ಅಂತ ಗೊತ್ತಿದ್ದವರು ಈ ಗೆರೆ ಎಳೆಯುವುದಿಲ್ಲ. ಇನ್ನೊಂದು ಉದಾಹರಣೆ, ಯಾರದೂ ಗುರುತು ಸಿಗದ ಹಾಗೆ ಬದಲಿಸಿ ಹೇಳುತ್ತೇನೆ. ದಾಳಿಂಬೆಯ ದುಂಡಾಣು ಅಂಗಮಾರಿ ಮೇಲಿನ ಪ್ರಪೋಸಲ್, ತೋಟದ ಪ್ರಯೋಗ ಜೂನ್‌ನಿಂದ ಶುರು ಅಂತ ಬರೆದಿದ್ದರು. ಆದರೆ ಮಂಜೂರಾತಿ, ಖಾತೆ, ಖರೀದಿ ಎಲ್ಲ ಮುಗಿಯುವಾಗ ನವೆಂಬರ್. ಮೃಗ ಬಹಾರ್, ಅಂದ್ರೆ ಮಳೆಗಾಲದ ಹೂವಿನ ಹಂಗಾಮು, ಹೋಯಿತು. ಈ ರೋಗ ಮಳೆಹನಿಯ ಜೊತೆ ಹರಡುವುದು, ಮೃಗ ಬಹಾರ್‌ನಲ್ಲೇ ಅದರ ಹಾವಳಿ ಜಾಸ್ತಿ, ಹಾಗಾಗಿ ಮೂರು ವರ್ಷದ ಯೋಜನೆಯಲ್ಲಿ ಒಂದು ವರ್ಷ ನೇರ ನೀರಿಗೆ ಬಿದ್ದ ಹಾಗೇ. ದೊಡ್ಡ ಊರಿನ ಇಬ್ಬರೂ ರಿವ್ಯೂವರ್‌ಗಳು ಇದನ್ನು ಹೇಳಲಿಲ್ಲ. ದಾಳಿಂಬೆ ಸೀಮೆಯ ಕಾಲೇಜು ಮೇಷ್ಟ್ರೊಬ್ಬರು ಮೊದಲ ಸಾಲಿನಲ್ಲೇ ಹೇಳಿದರು. ಇಂಥ ವಿಷಯ ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದವರಿಗೂ ಚೆನ್ನಾಗಿ ಗೊತ್ತು, ಆದರೆ ದೇಶದ ಎಲ್ಲ ದಾಳಿಂಬೆ ಪ್ರಪೋಸಲ್‌ಗಳನ್ನೂ ಅವರೇ ಓದೋಕಾಗುತ್ತಾ?

ಒಂದೇ ಸಲಕ್ಕೆ ದಾರಿ ಸಿಗಲಿಲ್ಲ. ಮೊದಲ ಸುತ್ತಿನಲ್ಲಿ ಗೌರವಧನದ ಆಸೆ ತೋರಿಸಿ ಹೊಸಬರನ್ನು ಕರೆದೆವು. ಒಂದು ಸಾವಿರದ ಆಸುಪಾಸು ಇರಬೇಕು. ಅದಕ್ಕೆ ಪ್ಯಾನ್ ಕಾರ್ಡ್, ರದ್ದಾದ ಚೆಕ್, ಎರಡು ಪುಟದ ಫಾರ್ಮ್. ಹಣ ಬರಲು ಐದಾರು ತಿಂಗಳು. ಮರ್ಯಾದಸ್ಥರು ಸಿಟ್ಟಾದರು, ಮುಂದಿನ ಸಲ ಫೋನೇ ಎತ್ತಲಿಲ್ಲ. ಎರಡನೇ ಸುತ್ತಿನಲ್ಲಿ ಹದಿನಾಲ್ಕು ಪ್ರಶ್ನೆಗಳ ಉದ್ದದ ಫಾರ್ಮ್ ಕಳಿಸಿದೆವು. ಬಂದ ಉತ್ತರಗಳೆಲ್ಲ "ಹೌದು", "ಉತ್ತಮ", "ಸೂಕ್ತ". ಆಗ ಕಚೇರಿಯಲ್ಲಿ "ನಾವು ಹೇಳಲಿಲ್ವಾ?" ಅಂದರು.

ಮೂರನೇ ಸುತ್ತಿನಲ್ಲಿ ಎಲ್ಲ ಬದಲಿಸಿದೆ. ದೊಡ್ಡ ಪ್ರಶಸ್ತಿಯವರನ್ನು ಬಿಟ್ಟು, ಹಿಂದೆ ಒಂದು ಸಣ್ಣ ಪ್ರಾಜೆಕ್ಟನ್ನು ಸಣ್ಣ ಊರಿನಲ್ಲಿ ನಡೆಸಿ ಅನುದಾನದ ಖರ್ಚಿನ ಲೆಕ್ಕ ತೋರಿಸುವ ಬಳಕೆ ಪ್ರಮಾಣಪತ್ರ, ಅಂದ್ರೆ 12-ಎ ಫಾರ್ಮ್, ಸಕಾಲಕ್ಕೆ ಕೊಟ್ಟವರ ಪಟ್ಟಿ ತೆಗೆದೆ. ಆ ಪಟ್ಟಿ ಯಾವ ಫೈಲಿನಲ್ಲಿ ಹೇಗೆ ಸಿಗುತ್ತೆ ಅನ್ನೋದು ನನ್ನ ಹತ್ತಿರವೇ ಇರಲಿ. ಇಮೇಲ್‌ಗೆ ಮೊದಲು ಫೋನು, ಬೆಳಿಗ್ಗೆ ಮೊದಲ ಕ್ಲಾಸಿಗೆ ಮುಂಚೆ, ಎರಡೇ ನಿಮಿಷ. ಮೂರು ವಾರ ಗಡುವು. ನಾಲ್ಕೇ ಪ್ರಶ್ನೆ. ಅಂಕ ಇಲ್ಲ. ಮೊದಲ ಪ್ರಶ್ನೆ ಬಜೆಟ್ ಪುಟದ್ದು, ಸಾರಾಂಶವನ್ನು ಓದುವ ಮುಂಚೆಯೇ ಉತ್ತರಿಸಬೇಕು. ಎರಡನೆಯದು ಕ್ಯಾಲೆಂಡರ್ ಬಗ್ಗೆ. ನಾಲ್ಕನೆಯದು "ಇದನ್ನು ನಿಮ್ಮ ಕಾಲೇಜಿನಲ್ಲಿ ಮಾಡಲು ಕೊಟ್ಟರೆ ಮೊದಲು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ?" ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ಎಲ್ಲರೂ ಅದಕ್ಕೇ ತಯಾರಿ ಮಾಡಿಕೊಂಡು ಬರುತ್ತಾರೆ, ಪ್ರಶ್ನೆ ಸತ್ತುಹೋಗುತ್ತೆ.

ಬಜೆಟ್ ಮೊದಲು ಓದಿಸಿದ್ದಕ್ಕೆ ಕಾರಣ ಇದೆ. ಆಗ ಪ್ರಾಜೆಕ್ಟಿನ ಸಂಶೋಧನಾ ಫೆಲೋಗಳ ಮನೆಬಾಡಿಗೆ ಭತ್ಯೆ ಊರಿನ ವರ್ಗದ ಮೇಲೆ ಇತ್ತು: ಎಕ್ಸ್ ವರ್ಗದ ಬೆಂಗಳೂರಿಗೆ ಶೇ. 27, ವೈ ವರ್ಗದ ಬೆಳಗಾವಿಗೆ 18, ಜಡ್ ವರ್ಗದ ನಮ್ಮ ಬಾಗಲಕೋಟೆಗೆ 9. ಜಡ್ ವರ್ಗದ ಊರಿನ ಪ್ರಪೋಸಲ್‌ನಲ್ಲಿ 27 ಇದ್ದರೆ ಯಾರದೋ ಬಜೆಟ್ ಎತ್ತಿಕೊಂಡಿದ್ದಾರೆ ಅಂತಲೇ ಅರ್ಥ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ತಿಂಗಳ ಮೊತ್ತ 2023ರಿಂದ 31,000 ಹೋಗಿ 37,000 ಆಯಿತು. ಅದಾಗಿ ಎಷ್ಟೋ ದಿನಕ್ಕೂ 31,000 ಬರೆದವರು ಹಳೇ ಪ್ರಪೋಸಲ್ಲಿಗೇ ದಿನಾಂಕ ಬದಲಿಸಿ ಕಳಿಸಿರುತ್ತಾರೆ. ಸಾರಾಂಶದಲ್ಲಿ ಯಾರು ಬೇಕಾದರೂ ಚೆಂದ ಬರೆಯಬಹುದು.

ಆ ಸುತ್ತಿನಲ್ಲಿ ಆರು ಜನಕ್ಕೆ ಕಳಿಸಿದರೆ ನಾಲ್ಕು ವರದಿ ಬಂದವು, ಕೆಲವಕ್ಕೆ ಐದೂ ಬಂದವು. ಬಹುಪಾಲು ಗಡುವಿನೊಳಗೆ. ಒಂದೂವರೆ ಎರಡು ಪುಟ, ಎಲ್ಲವೂ ನಿರ್ದಿಷ್ಟ. ಗೌರವಧನ ಒಂದು ಪೈಸೆ ಇಲ್ಲ. ಅದರ ಬದಲು ಫಲಿತಾಂಶ ಪ್ರಕಟವಾದ ಮೇಲೆ ಪ್ರತಿಯೊಬ್ಬರಿಗೂ ಒಂದು ಪತ್ರ ಬರೆದೆ, ನಿಮ್ಮ ಮಾತಿನಿಂದ ಸಮಿತಿಯಲ್ಲಿ ಏನು ಬದಲಾಯಿತು ಅಂತ. ಇಪ್ಪತ್ತು ವರ್ಷ ರಿವ್ಯೂ ಮಾಡಿದರೂ ಇಂಥ ಪತ್ರ ಬಂದಿದ್ದು ಇದೇ ಮೊದಲು ಅಂದವರಿದ್ದಾರೆ. ಮುಂದಿನ ಸಲ ಅವರು ಇಲ್ಲ ಅನ್ನಲಿಲ್ಲ.

ಹಿತಾಸಕ್ತಿ ಸಂಘರ್ಷದ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಗುರು, ಶಿಷ್ಯ, ಬೀಗರು ಎಲ್ಲ ಒಂದೇ ಬಳಗ, ನಿಜ. ಅದಕ್ಕೆ ವಿಜಯಪುರದ್ದು ತಮಿಳುನಾಡಿಗೆ, ಮರಾಠವಾಡದ್ದು ನಮ್ಮ ಕಡೆಗೆ. ಹವಾಮಾನ, ಬೆಳೆ ಹೊಂದಬೇಕು, ನಂಟು ಇರಬಾರದು. ನನ್ನ ವಿಶ್ವವಿದ್ಯಾಲಯದ ಪ್ರಪೋಸಲ್ ಚರ್ಚೆಗೆ ಬಂದಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಜೊತೆಗೆ ಹೆಸರು ಮುಚ್ಚಿ ಓದಿಸುವ ಪ್ರಯೋಗವನ್ನೂ ಮಾಡಿದೆ. ಹಬಲ್ ದೂರದರ್ಶಕದ ಸಮಯ ಹಂಚುವವರು 2018ರಲ್ಲಿ ಹಾಗೆ ಮಾಡಿದಾಗ ಮಹಿಳೆಯರ ಯಶಸ್ಸಿನ ಪ್ರಮಾಣ ಮೊದಲ ಸಲ ಪುರುಷರಿಗಿಂತ ಮೇಲಾಯಿತು. ನಮ್ಮ ವಿಷಯಗಳಲ್ಲಿ ಅದು ನಿಲ್ಲಲಿಲ್ಲ. ಆಲಮಟ್ಟಿ ಹಿನ್ನೀರು, ಸವುಳು ಮಣ್ಣು ಅಂದ ಕೂಡಲೇ ಊರು ಗೊತ್ತಾಗುತ್ತೆ. ಸಮಬಲದ ಪ್ರಪೋಸಲ್‌ಗಳಿಗೆ ಸ್ವಿಟ್ಜರ್ಲೆಂಡಿನ ಅನುದಾನ ಸಂಸ್ಥೆಯವರ ಹಾಗೆ ಚೀಟಿ ಎತ್ತೋಣ ಅಂದೆ, ಯಾರೂ ಒಪ್ಪಲಿಲ್ಲ. ನನಗೆ ಈಗಲೂ ಅದು ಸರಿ ಅನ್ನಿಸುತ್ತೆ. ಇನ್ನೊಂದನ್ನು ಮಾತ್ರ ಒಪ್ಪಿದರು. ಸಣ್ಣ ಕಾಲೇಜುಗಳ ಪ್ರಪೋಸಲ್‌ಗಳನ್ನು ಊಟಕ್ಕೆ ಮುಂಚಿನ ಅವಸರದ ಹೊತ್ತಿಗೆ ಇಡದೆ, ಬೆಳಗಿನ ಮೊದಲ ಗಂಟೆಗೆ ತಂದೆವು. ಅವಕ್ಕೆ ಪೂರ್ತಿ ಹತ್ತು ನಿಮಿಷ ಸಿಕ್ಕಿತು.

ಹೋಗುವವರು ಆದೇಶ ಕೈಗೆ ಬರುವ ಮುಂಚೆ ಎರಡು ವಿಷಯ ಬರೆಸಿಕೊಳ್ಳಿ: ಮೂಲ ಹುದ್ದೆಯ ಮೇಲಿನ ಲೀನ್, ಅಂದ್ರೆ ಅದಕ್ಕೆ ವಾಪಸ್ ಬರುವ ಹಕ್ಕು, ಎಷ್ಟು ವರ್ಷ ಅಂತ, ರಜೆ ವೇತನ ಮತ್ತು ಪಿಂಚಣಿ ವಂತಿಗೆ ಯಾರು ಕಟ್ಟುತ್ತಾರೆ ಅಂತ. ನನ್ನದರಲ್ಲಿ ಎರಡನೆಯದು ಬಾಯಿಮಾತಿನಲ್ಲೇ ಇತ್ತು, ವಾಪಸ್ ಬಂದು ಒಂದು ವರ್ಷ ದಾಟಿದರೂ ಆ ಫೈಲು ಎರಡು ಕಚೇರಿಗಳ ನಡುವೆ ಓಡಾಡುತ್ತಿದೆ.