ಹಿಮಚಪ್ಪರದ ಅಡಿಗೆ ಸ್ವಯಂಚಾಲಿತ ಜಲಯಂತ್ರವನ್ನು ಕಳುಹಿಸುವ ಬಗೆ

ಅಂಟಾರ್ಕ್ಟಿಕಾದ ಅಮುಂಡ್ಸೆನ್ ಸಮುದ್ರದಲ್ಲಿ ಹಿಮನದಿಗಳು ನೀರಿನ ಮೇಲೆ ಚಾಚಿಕೊಂಡು, ನೂರಾರು ಮೀಟರ್ ದಪ್ಪದ ತೇಲುವ ಚಪ್ಪರಗಳಾಗಿವೆ. ಆಳದಿಂದ ನುಗ್ಗುವ, ತುಸು ಬೆಚ್ಚಗಿನ ಉಪ್ಪುನೀರು ಅವನ್ನು ಅಡಿಯಿಂದ ಕರಗಿಸುತ್ತಿದೆ. ಹಡಗು ಹೋಗಲಾರದ, ಚಪ್ಪರಕ್ಕೂ ಸಮುದ್ರತಳಕ್ಕೂ ನಡುವಿನ ಆ ಪೊಳ್ಳಿನೊಳಗೆ ದೂರದವರೆಗೆ ಸಾಗಿ ಅಳತೆ ತರಬಲ್ಲದ್ದು ಚಾಲಕರಿಲ್ಲದ ಜಲಯಂತ್ರವೇ.

ಯೋಜನೆಯನ್ನು ಮರಳುವ ದಾರಿಯಿಂದಲೇ ಆರಂಭಿಸಬೇಕು. ತೆರೆದ ಕಡಲಿನಲ್ಲಿ ದೋಷ ಕಂಡರೆ ಯಂತ್ರವು ಭಾರವನ್ನು ಕಳಚಿ ಮೇಲಕ್ಕೆ ತೇಲಿಬರಬಹುದು. ಹಿಮದಡಿಯಲ್ಲಿ ಅದೇ ಆಜ್ಞೆ ಅದನ್ನು ಚಾವಣಿಗೆ ಒತ್ತಿ ಸೆರೆಹಿಡಿಯುತ್ತದೆ. ಆದ್ದರಿಂದ ಧ್ವನಿಯ ಪ್ರತಿಧ್ವನಿಯಿಂದ ಸುತ್ತಲನ್ನು ಅರಿಯುವ ಸೋನಾರ್ ಕೆಟ್ಟರೂ, ಬ್ಯಾಟರಿ ನಿಗದಿತ ಮಿತಿಗಿಂತ ಇಳಿದರೂ, ಬಂದ ದಾರಿಯಲ್ಲೇ ತೆರೆದ ನೀರಿಗೆ ಹಿಂದಿರುಗುವಂತೆ ಆಜ್ಞೆಗಳನ್ನು ಬರೆಯಬೇಕು. ಮೊದಲ ಮುಳುಗು ಒಂದೆರಡು ಕಿಲೋಮೀಟರ್ ಮೀರದಿರಲಿ. ಅದರ ದಾಖಲೆಯನ್ನು ಪರಿಶೀಲಿಸಿದ ನಂತರವೇ ದೂರ ಹೆಚ್ಚಿಸಬೇಕು.

ಜಿಪಿಎಸ್ ಸಂಕೇತ ನೀರನ್ನು ಭೇದಿಸಲಾರದು. ಯಂತ್ರವು ತಿರುಗುವಿಕೆಯನ್ನು ಗ್ರಹಿಸುವ ಗೈರೋಸ್ಕೋಪಿನಿಂದ ದಿಕ್ಕನ್ನೂ, ಸಮುದ್ರತಳಕ್ಕೆ ಧ್ವನಿ ಕಳುಹಿಸುವ ಡಾಪ್ಲರ್ ಸಾಧನದಿಂದ ವೇಗವನ್ನೂ ಅಳೆದು ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಧ್ರುವದ ಬಳಿ ಭೂಮಿಯ ತಿರುಗುವಿಕೆಯಿಂದ ಉತ್ತರವನ್ನು ಗುರುತಿಸುವುದು ಕಠಿಣವಾಗುವ ಕಾರಣ, ಗೈರೋಸ್ಕೋಪು ಸ್ಥಿರಗೊಳ್ಳಲು ಹೆಚ್ಚು ಸಮಯ ಕೊಡಬೇಕು. ಬಳಿಕ ತೆರೆದ ನೀರಿನಲ್ಲಿ ಯಂತ್ರವನ್ನು ನೇರ ಗೆರೆಯಲ್ಲಿ ಹೋಗಿಬರುವಂತೆ ಓಡಿಸಿ, ಅದರ ಲೆಕ್ಕವನ್ನು ಜಿಪಿಎಸ್ ಸ್ಥಾನದೊಂದಿಗೆ ಹೋಲಿಸಬೇಕು.

ಉಷ್ಣತೆ ಮತ್ತು ಲವಣಾಂಶದ ಅಳತೆಯೇ ಈ ಕೆಲಸದ ಜೀವಾಳ. ಸಮುದ್ರದ ನೀರು ಮೇಲ್ಮೈಯಲ್ಲಿ ಸುಮಾರು -1.9 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಪ್ರತಿ ಸಾವಿರ ಮೀಟರ್ ಆಳಕ್ಕೆ ಆ ಬಿಂದು ಸುಮಾರು ಮುಕ್ಕಾಲು ಡಿಗ್ರಿ ಕುಸಿಯುತ್ತದೆ. ಹೀಗಾಗಿ ನಮಗೆ ಕೊರೆಯುವ ಚಳಿಯೆನಿಸುವ ನೀರೂ ಆಳದಲ್ಲಿ ಹಿಮವನ್ನು ಕರಗಿಸುತ್ತದೆ, ಅಳತೆಯ ಸಣ್ಣ ತಪ್ಪೂ ಕರಗುವಿಕೆಯ ಲೆಕ್ಕವನ್ನು ಕೆಡಿಸುತ್ತದೆ. ಪ್ರತಿ ಯಾನದ ಮುಂಚೆಯೂ ನಂತರವೂ ಹಡಗಿನ ಉಪಕರಣವನ್ನು ಅದೇ ನೀರಿಗೆ ಇಳಿಸಿ ಎರಡರ ಓದುಗಳನ್ನು ಹೋಲಿಸುವುದನ್ನು, ಎಷ್ಟೇ ಅವಸರವಿದ್ದರೂ ಬಿಡಬಾರದು.

ಮೇಲ್ಮುಖ ಸೋನಾರ್ ಹಿಮದ ತಳವನ್ನು ಚಿತ್ರಿಸುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ‘ರಾನ್’ ಎಂಬ ಜಲಯಂತ್ರ 2022ರಲ್ಲಿ ಅಮುಂಡ್ಸೆನ್ ಸಮುದ್ರದ ಡಾಟ್ಸನ್ ಹಿಮಚಪ್ಪರದಡಿ 27 ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ ಇಂಥ ನಕ್ಷೆ ತಂದಿತು. 2024ರಲ್ಲಿ ಅಲ್ಲಿಯೇ ಮತ್ತೆ ಇಳಿದಾಗ ಮರಳಲಿಲ್ಲ. ಆ ಸುದ್ದಿ ಓದಿದಾಗ ನನಗೆ ನಿಜಕ್ಕೂ ನೋವಾಯಿತು. ಹಿಮದಡಿಯ ದಾಖಲೆಯೆಲ್ಲ ಯಂತ್ರದೊಳಗೇ ಉಳಿಯುವುದರಿಂದ, ಅದು ಹಿಂದಿರುಗಿದ ಕೂಡಲೇ ಪ್ರತಿ ಮಾಡಿಟ್ಟು, ನಂತರವೇ ಮುಂದಿನ ಯಾನಕ್ಕೆ ಬ್ಯಾಟರಿ ತುಂಬಿಸಬೇಕು. ಸೋನಾರ್ ನಕ್ಷೆಯನ್ನು ಪ್ರವಾಹದ ಅಳತೆಯ ಜೊತೆಗಿಟ್ಟೇ ಓದಬೇಕು: ಡಾಟ್ಸನ್‌ನಲ್ಲಿ ಬೇಗ ಕರಗುವ ಪಶ್ಚಿಮದ ತಳ ನೀರಿನ ಹರಿವಿಗೆ ಸವೆದಿದ್ದರೆ, ನಿಧಾನವಾಗಿ ಕರಗುವ ಪೂರ್ವದಲ್ಲಿ ಮೆಟ್ಟಿಲಿನಂತಹ ಹಂತಗಳು ಕಂಡಿದ್ದವು.