ಒಂದೇ ಕೆರೆಯ ಸುತ್ತ: ಪ್ರಕೃತಿ ನಡಿಗೆಯ ಸ್ವಯಂಸೇವಕರಿಗೆ ತರಬೇತಿ ಕೊಟ್ಟ ಅನುಭವ

ಮೈಸೂರಿನ ಶಾಲಾಮಕ್ಕಳಿಗೆ ಪ್ರಕೃತಿ ನಡಿಗೆ ನಡೆಸಿಕೊಡುವ ಸ್ವಯಂಸೇವಕರನ್ನು ತಯಾರು ಮಾಡುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ತೊಡಗಿದ್ದೇನೆ. ನಿವೃತ್ತ ಬ್ಯಾಂಕ್ ನೌಕರರು, ಗೃಹಿಣಿಯರು, ಪದವಿ ವಿದ್ಯಾರ್ಥಿಗಳು, ಒಬ್ಬಿಬ್ಬರು ಶಿಕ್ಷಕರು, ಹೀಗೆ ಪ್ರತಿ ತಂಡದಲ್ಲೂ ಎಲ್ಲ ಬಗೆಯವರು ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಮೊದಲ ಭೇಟಿಯಲ್ಲೇ ಬಂಡೀಪುರಕ್ಕೆ ಯಾವಾಗ ಹೋಗುವುದು ಎಂದು ಕೇಳುತ್ತಾರೆ. ತರಬೇತಿಯ ಅವಧಿಯಲ್ಲಿ ಬಂಡೀಪುರವೂ ಇಲ್ಲ, ನಾಗರಹೊಳೆಯೂ ಇಲ್ಲ ಎಂದು ನಾನು ಆಗಲೇ ಹೇಳಿಬಿಡುತ್ತೇನೆ. ಸಫಾರಿ ವಾಹನದಿಂದ ಕೆಳಗಿಳಿಯುವಂತಿಲ್ಲ, ಬೇಕಾದಲ್ಲಿ ನಿಲ್ಲುವಂತಿಲ್ಲ, ಹಿಂದಿರುಗುವಾಗ ಹುಲಿ ಕಂಡಿತೇ ಇಲ್ಲವೇ ಎಂಬುದನ್ನು ಬಿಟ್ಟು ಬೇರೆ ಮಾತೂ ಇರುವುದಿಲ್ಲ. ಮಾರ್ಗದರ್ಶಿಯಾಗಬೇಕಾದವರಿಗೆ ಬೇಕಾಗಿರುವುದು ನಿಲ್ಲಲು, ಬಗ್ಗಿ ನೋಡಲು, ಮುಂದಿನ ವಾರ ಮತ್ತೆ ಬಂದು ಅದನ್ನೇ ನೋಡಲು ಅವಕಾಶವಿರುವ ಜಾಗ.

ಅಂಥ ಜಾಗ ನಮಗೆ ಊರೊಳಗೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಈಗ ಮೈಸೂರು ವಿಶ್ವವಿದ್ಯಾನಿಲಯದ ಆವರಣಕ್ಕೆ ಸೇರಿದೆ. ಬೆಳಗಿನ ವಾಯುವಿಹಾರಿಗಳಿಗೆ ಅದು ನಡೆಯುವ ದಾರಿಯಾದರೆ, ನಮಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿ, ನೀರುಕಾಗೆ, ಇರುಳು ಬಕಗಳನ್ನು ವರ್ಷವಿಡೀ ಹತ್ತಿರದಿಂದ ನೋಡಬಹುದಾದ ಪಾಠಶಾಲೆ. ಯುಗಾದಿಯ ಹೊತ್ತಿಗೆ ಹೊಂಗೆ ಚಿಗುರುವುದನ್ನೂ, ಅದು ಹೂಬಿಡುವುದನ್ನೂ, ಮಳೆ ಬಿದ್ದ ಮೇಲೆ ನೀರಿನ ಅಂಚು ಬದಲಾಗುವುದನ್ನೂ ಒಂದೇ ತಂಡ ಕಣ್ಣಾರೆ ಕಂಡಾಗ ಅವರ ಮಾತಿಗೆ ಬರುವ ತೂಕವೇ ಬೇರೆ. ಹತ್ತು ಕಾಡುಗಳನ್ನು ಒಂದೊಂದು ದಿನ ನೋಡಿದವರಿಗಿಂತ ಒಂದು ಕೆರೆಯನ್ನು ವರ್ಷವಿಡೀ ನೋಡಿದವರೇ ಮಕ್ಕಳ ಮುಂದೆ ಚೆನ್ನಾಗಿ ನಿಲ್ಲುತ್ತಾರೆಂಬುದು ನನ್ನ ದೃಢ ಅಭಿಪ್ರಾಯ.

ತಂಡದಲ್ಲಿ ಹದಿನೈದಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಳ್ಳುವುದಿಲ್ಲ. ಪ್ರತಿಯೊಬ್ಬರೂ ಒಂದು ನೋಟ್‌ಬುಕ್ ತರಬೇಕು ಮತ್ತು ಪ್ರತಿ ಪುಟದಲ್ಲೂ ಕಂಡದ್ದು, ಊಹಿಸಿದ್ದು, ಪರೀಕ್ಷಿಸುವ ಬಗೆ ಎಂಬ ಮೂರು ಅಂಕಣಗಳನ್ನು ಎಳೆದುಕೊಂಡಿರಬೇಕು. ಇದರ ಉಪಯೋಗ ನೀರುಕಾಗೆಯಿಂದಲೇ ತಿಳಿಯುತ್ತದೆ. ಒಣಕೊಂಬೆಯ ಮೇಲೆ ಅದು ರೆಕ್ಕೆ ಹರಡಿ ಕುಳಿತದ್ದನ್ನು ಕಂಡೊಡನೆ ಎಲ್ಲರೂ ಮೊದಲ ಅಂಕಣದಲ್ಲಿ ‘ರೆಕ್ಕೆ ಒಣಗಿಸುತ್ತಿದೆ’ ಎಂದು ಬರೆಯುತ್ತಾರೆ. ಕಂಡದ್ದು ರೆಕ್ಕೆ ಹರಡಿದ್ದು ಮಾತ್ರ, ಒಣಗಿಸುತ್ತಿದೆ ಎಂಬುದು ಎರಡನೆಯ ಅಂಕಣಕ್ಕೆ ಸೇರಬೇಕಾದ ಮಾತು ಎಂದು ತಿದ್ದಿದ ಮೇಲೆ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ: ಅದೇ ನೀರಿನಲ್ಲಿರುವ ಬಾತು ಹೀಗೇಕೆ ಕೂರುವುದಿಲ್ಲ? ನೀರಿಗಿಳಿಯುವ ಮೊದಲೂ ಹೀಗೆ ಕೂರುತ್ತದೆಯೇ? ಮೋಡ ಕವಿದ ದಿನ ಏನು ಮಾಡುತ್ತದೆ? ಕೆಲವು ವಾರ ಇವುಗಳ ಹಿಂದೆ ಬಿದ್ದ ನಂತರವೇ ನಾನು ವಿವರಣೆಗೆ ಇಳಿಯುತ್ತೇನೆ. ಬಾತಿನ ಗರಿಗಳು ನೀರನ್ನು ಒಳಗೆ ಬಿಡುವುದಿಲ್ಲ; ನೀರುಕಾಗೆಯ ಗರಿಗಳ ಹೊರಭಾಗವಾದರೋ ನೆನೆಯುತ್ತದೆ, ನೆನೆದಾಗ ಮೈ ತೇಲುವುದು ಕಡಿಮೆಯಾಗುತ್ತದೆ, ಮೀನಿನ ಬೆನ್ನಟ್ಟಿ ಮುಳುಗುವ ಹಕ್ಕಿಗೆ ಅದು ಅನುಕೂಲ. ಹಾವಕ್ಕಿಯೂ ಮುಳುಗಿ ಮೀನು ಹಿಡಿಯುವುದೇ, ಅದೂ ಹಾಗೆಯೇ ರೆಕ್ಕೆ ಹರಡುತ್ತದೆ ಎಂಬುದನ್ನು ಅಷ್ಟರಲ್ಲಿ ಯಾರಾದರೂ ಗಮನಿಸಿಯೇ ಇರುತ್ತಾರೆ.

ಹಕ್ಕಿಗಳಷ್ಟೇ ಪ್ರಕೃತಿಯೆಂಬ ಭಾವನೆಯನ್ನು ಕಳೆಯಲು ನನಗೆ ಸಿಕ್ಕ ಅತ್ಯುತ್ತಮ ಸಾಧನ ಅತ್ತಿಮರ. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಎಂಬ ಗಾದೆಯನ್ನು ಎಲ್ಲರೂ ಕೇಳಿರುತ್ತಾರೆ, ಬಿಚ್ಚಿ ನಿಧಾನವಾಗಿ ನೋಡಿದವರು ಕಡಿಮೆ. ಕಾಂಡದ ಮೇಲೆ ಗೊಂಚಲಾಗಿ ಬಿಟ್ಟಿರುವ, ಇನ್ನೂ ಮೆತ್ತಗಾಗದ ಕೆಲವು ಕಾಯಿಗಳನ್ನು ಬ್ಲೇಡಿನಿಂದ ಸೀಳಿ, ಬಿಳಿ ಹಾಳೆಯ ಮೇಲಿಟ್ಟು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಕೊಟ್ಟು ಸುಮ್ಮನಿರುತ್ತೇನೆ. ನಾವು ಕಾಯಿ ಎನ್ನುವುದರ ಒಳಗೋಡೆಯ ತುಂಬ ಸಣ್ಣ ಹೂಗಳಿರುವುದು ಮೊದಲು ಗೊತ್ತಾಗುತ್ತದೆ. ತಕ್ಕ ಹದದ ಕಾಯಿ ಸಿಕ್ಕಿದರೆ ರೆಕ್ಕೆಯಿಲ್ಲದ ಗಂಡು ಕಣಜಗಳು ತೆವಳುವುದೂ, ರೆಕ್ಕೆಯುಳ್ಳ ಕಪ್ಪು ಹೆಣ್ಣುಗಳು ಒಂದೊಂದಾಗಿ ಹೊರಬರುವುದೂ ಕಾಣುತ್ತದೆ. ತಾಯಿ ಕಣಜ ತುದಿಯ ಚಿಕ್ಕ ಕಂಡಿಯಿಂದ ನುಸುಳಿ ಒಳಬಂದು, ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಮೊದಲು ಎಚ್ಚರಗೊಳ್ಳುವ ಗಂಡುಗಳು ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯನ್ನು ಕೊರೆದು ದಾರಿ ಮಾಡಿಕೊಡುತ್ತವೆ. ಆ ದಾರಿಯಿಂದ ಪರಾಗ ಹೊತ್ತು ಹಾರಿದ ಹೆಣ್ಣುಗಳು ಇನ್ನೊಂದು ಎಳೆಯ ಕಾಯಿಯನ್ನು ಹುಡುಕಬೇಕು. ಈ ಕಣಜವಿಲ್ಲದೆ ಮರಕ್ಕೆ ಬೀಜವಿಲ್ಲ, ಮರವಿಲ್ಲದೆ ಕಣಜಕ್ಕೆ ಸಂತಾನವಿಲ್ಲ.

“ಹಾಗಾದ್ರೆ ಮೇಷ್ಟ್ರೇ, ಒಳಗಿರೋ ಹುಳ ಎಲ್ಲಾ ಪರಾಗ ತಂದೋರದೇ ಮಕ್ಕಳಾ?” ಎಂದು ಒಬ್ಬ ಗೃಹಿಣಿ ಕೇಳಿದ್ದರು. ಅಲ್ಲ. ಒಳಗೆ ಹೋಗದೆ, ಸೂಜಿಯಂಥ ಉದ್ದನೆಯ ಅಂಗವನ್ನು ಹೊರಗಿನಿಂದಲೇ ಕಾಯಿಯೊಳಗೆ ಚುಚ್ಚಿ ಮೊಟ್ಟೆಯಿಡುವ ಬೇರೆ ಕಣಜಗಳೂ ಇವೆ. ಅವು ಪರಾಗ ತರುವುದಿಲ್ಲ. ಕಾಂಡದ ಗೊಂಚಲು ಕಣ್ಣಿನ ಮಟ್ಟದಲ್ಲೇ ಇರುವುದರಿಂದ ಇವುಗಳನ್ನು ನಿಂತಲ್ಲೇ ತೋರಿಸಬಹುದು, ಆ ದಿನ ತೋರಿಸಿದ್ದೂ ಆಯಿತು.

ಎಣಿಕೆಯ ಅಭ್ಯಾಸ ಮನೆಯೊಳಗೇ ಶುರುವಾಗುತ್ತದೆ. ಹುರುಳಿಕಾಳನ್ನು ಹಾಳೆಯ ಮೇಲೆ ಚೆಲ್ಲಿ, ಮೂರು ಸೆಕೆಂಡು ತೋರಿಸಿ ಮುಚ್ಚಿ, ಎಷ್ಟಿವೆ ಎಂದು ಬರೆಸುತ್ತೇನೆ. ಬಹುತೇಕ ಎಲ್ಲರೂ ಕಡಿಮೆ ಬರೆಯುತ್ತಾರೆ. ಹತ್ತರ ಒಂದು ಗುಂಪನ್ನು ಕಣ್ಣಲ್ಲಿ ಹಿಡಿದು, ಅಂಥ ಗುಂಪುಗಳು ಎಷ್ಟೆಂದು ಲೆಕ್ಕ ಹಾಕುವುದು ರೂಢಿಯಾದ ಮೇಲೆ ಕೆರೆಯ ಮೇಲಿನ ಬಾತುಗಳ ಲೆಕ್ಕವೂ ನಂಬುವಂತಾಗುತ್ತದೆ. ಆಮೇಲೆ ಹದಿನೈದು ನಿಮಿಷದಲ್ಲಿ ಕಂಡ ಹಕ್ಕಿಗಳ ಪಟ್ಟಿಗಳನ್ನು, ಜನರು ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಎಂಬ ಜಾಲತಾಣಕ್ಕೆ ಸೇರಿಸುವುದನ್ನು ಹೇಳಿಕೊಡುತ್ತೇನೆ. ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಜಾಗತಿಕ ಹಕ್ಕಿ ಎಣಿಕೆಯಲ್ಲಿ ಅವರು ತಮ್ಮ ತಮ್ಮ ಬಡಾವಣೆಗಳಿಂದಲೇ ಭಾಗವಹಿಸುತ್ತಾರೆ. ಕಾಗೆ, ಗೊರವಂಕ, ಪಾರಿವಾಳಗಳನ್ನು ಬಿಟ್ಟ ಪಟ್ಟಿಯನ್ನು ನಾನು ಹಿಂದಿರುಗಿಸುತ್ತೇನೆ.

ನಿಯಮಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಹಕ್ಕಿಯನ್ನು ಹೊರಗೆಳೆಯುವಂತಿಲ್ಲ. ಗೂಡಿನ ಹತ್ತಿರ ಹೋಗಿ ಚಿತ್ರ ತೆಗೆಯುವಂತಿಲ್ಲ; ಕಾಡುಹಕ್ಕಿಗಳ ಗೂಡಿಗೆ ತೊಂದರೆ ಕೊಡುವುದು, ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯ ವ್ಯಾಖ್ಯೆಯಲ್ಲೇ ಬರುತ್ತದೆ. ಹಾವಿಗಿಂತ ಹೆಜ್ಜೇನಿನ ಬಗ್ಗೆ ನನಗೆ ಹೆಚ್ಚು ಚಿಂತೆ. ನಡಿಗೆಯ ಹಿಂದಿನ ದಿನ ದಾರಿಯನ್ನು ನಡೆದು, ಎತ್ತರದ ಮರಗಳಲ್ಲಿ ಹುಟ್ಟಿಗಳಿವೆಯೇ ಎಂದು ನೋಡಿ, ಇದ್ದರೆ ದಾರಿಯನ್ನೇ ಬದಲಿಸುವುದು ಸ್ವಯಂಸೇವಕರ ಕೆಲಸ. ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಬೇಗ ದೂರ ಹೋಗಿ ಕಟ್ಟಡದೊಳಗೆ ಸೇರಬೇಕು, ನೀರಿಗೆ ಹಾರಬಾರದು ಎಂಬುದನ್ನು ಬಾಯಿಪಾಠ ಮಾಡಿಸುತ್ತೇನೆ.

ಊರ ಹೊರಗಿನ ಪ್ರವಾಸ ಒಂದೇ, ರಂಗನತಿಟ್ಟಿಗೆ, ಗೂಡುಗಳು ತುಂಬಿರುವ ಕಾಲದಲ್ಲಿ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಈ ಕಾವೇರಿ ದ್ವೀಪಗಳಲ್ಲಿ ದೋಣಿಯ ಸುತ್ತಾಟ ಬೇಗ ಮುಗಿದುಹೋಗುತ್ತದೆ. ಅಷ್ಟು ಹೊತ್ತು ಮಾತನಾಡಬೇಕಾದವರು ನಾವಲ್ಲ, ದೋಣಿ ನಡೆಸುವವರು. ಮೊಸಳೆ ಯಾವ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತದೆಂದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ನಂತರ ದಡದಲ್ಲಿ ಕುಳಿತು, ಇಬ್ಬಿಬ್ಬರು ಒಂದೊಂದು ಗೂಡನ್ನು ಆರಿಸಿಕೊಂಡು ಅರ್ಧ ಗಂಟೆ ಅದನ್ನೇ ನೋಡಬೇಕು. ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿಯುವುದು, ನುಂಗಿ ತಂದ ಮೀನನ್ನು ಗೂಡಿನ ಮೇಲೆ ಕಕ್ಕುವುದು, ಮರಿಗಳು ಅದಕ್ಕೆ ಮುಗಿಬೀಳುವುದು ಇವೆಲ್ಲ ಆ ಅರ್ಧ ಗಂಟೆಯಲ್ಲಿ ಸಿಗುತ್ತವೆ.

ಕಡೆಯ ಹಂತದಲ್ಲಿ ಒಬ್ಬರು ನಡಿಗೆ ನಡೆಸಬೇಕು, ಉಳಿದವರು ಐದನೆಯ ತರಗತಿಯ ಮಕ್ಕಳಂತೆ ವರ್ತಿಸಬೇಕು. ನಿವೃತ್ತ ಅಧಿಕಾರಿಗಳೂ ಇದನ್ನು ಬಹಳ ಉತ್ಸಾಹದಿಂದ ಮಾಡುತ್ತಾರೆ. ಮಕ್ಕಳ ಚಟುವಟಿಕೆಗಳಲ್ಲಿ ನಾನು ಉಳಿಸಿಕೊಂಡದ್ದು ಎರಡು: ಕಣ್ಣು ಕಟ್ಟಿ ಮರದ ತೊಗಟೆ ಮುಟ್ಟಿಸಿ, ಆಮೇಲೆ ಅದೇ ಮರವನ್ನು ಹುಡುಕಿಸುವುದು, ಹಾಳೆಯ ನಡುವೆ ತಮ್ಮನ್ನು ಗುರುತಿಸಿಕೊಂಡು, ಯಾವ ದಿಕ್ಕಿನಿಂದ ಯಾವ ಶಬ್ದ ಬಂತೆಂದು ನಕ್ಷೆ ಬರೆಸುವುದು. ದಾರದ ಉಂಡೆ ಎಸೆದು ಆಹಾರ ಜಾಲ ಕಟ್ಟುವ ಆಟ ಎಲ್ಲೆಡೆ ಜನಪ್ರಿಯ, ಆದರೆ ಅದನ್ನು ತರಗತಿಯಲ್ಲೂ ಆಡಿಸಬಹುದು, ಕೆರೆಯ ಬಳಿ ಅದಕ್ಕೆ ಹೊತ್ತು ಕಳೆಯುವುದು ನನಗೆ ಒಪ್ಪಿಗೆಯಿಲ್ಲ.

ಹೀಗೆ ತಯಾರಾದವರು ಮೊದಲ ವರ್ಷ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಿಲ್ಲ. ಅನುಭವಿಯೊಬ್ಬರು ಮುಂದೆ, ಹೊಸಬರು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ಸಾಲಿನ ಕೊನೆಯಲ್ಲಿ. ಹಿಂದೆ ಉಳಿಯುವ ಮಕ್ಕಳೇ ಸಾಮಾನ್ಯವಾಗಿ ಏನನ್ನಾದರೂ ಕಂಡು ನಿಂತಿರುತ್ತಾರಾದ್ದರಿಂದ, ಆ ಕೊನೆಯ ಜಾಗಕ್ಕೆ ಈಗ ಹಳಬರೂ ತಮ್ಮ ಹೆಸರು ಬರೆಸುತ್ತಿದ್ದಾರೆ.