ತೆರೆಯ ಬೆನ್ನಿಗೆ ಬಂದು ದಡ ಸೇರುವುದು

ನನ್ನ ಎಡಗಾಲಲ್ಲಿ, ಮೊಣಗಂಟಿನಿಂದ ಸ್ವಲ್ಪ ಕೆಳಗೆ, ನಾಲ್ಕು ಬೆರಳಗಲದ ಕಲೆ ಉಂಟು. ಆಳ ಸಮುದ್ರದಲ್ಲಿ ಆದದ್ದಲ್ಲ, ಸೊಂಟದಷ್ಟೂ ಇಲ್ಲದ ನೀರಲ್ಲಿ ಆದದ್ದು.

ಆ ದಿನ ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಕಯಾಕ್, ಅಂದರೆ ಒಬ್ಬನೇ ಕೂತು ಹುಟ್ಟು ಹಾಕುವ ಸಪೂರ ದೋಣಿ, ಇಳಿಸಿ, ಬೆಳಗ್ಗೆ ಹೊಳೆ ಸಮುದ್ರ ಸೇರುವ ಅಳಿವೆ ದಾಟಿ ಸಮುದ್ರಕ್ಕೆ ಹೋಗಿದ್ದೆ. ಡಿಸೆಂಬರ್ ತಿಂಗಳು, ಹೋಗುವಾಗ ನೀರು ಎಣ್ಣೆ ಸುರಿದ ಹಾಗೆ. ಹನ್ನೊಂದು ಗಂಟೆಗೆ ವಾಪಸು ಬರುವಷ್ಟರಲ್ಲಿ ಪಡುವಣ ಗಾಳಿ ಎದ್ದಿತ್ತು, ಜೊತೆಗೆ ಇಳಿತವೂ ಶುರುವಾಗಿತ್ತು. ಶಾಂಭವಿ, ನಂದಿನಿ ಎರಡೂ ಹೊಳೆಗಳ ನೀರು ಅದೇ ಬಾಯಿಂದ ಹೊರಗೆ ಹರಿಯುತ್ತದೆ. ಒಳಗೆ ಬರುವ ತೆರೆಗೆ ಅದು ಎದುರಾದರೆ ತೆರೆ ಕುಗ್ಗಿ, ಗೋಡೆಯಂತೆ ನೆಟ್ಟಗೆ ಏಳುತ್ತದೆ. ಒಂದರ ಹಿಂದೆ ಒಂದು, ನಡುವೆ ಉಸಿರಾಡಲು ಜಾಗವಿಲ್ಲ. ಅಳಿವೆ ಬೇಡ, ಸಸಿಹಿತ್ಲು ಬೀಚಿನಲ್ಲಿ ಇಳಿದು, ಆ ಸಣ್ಣ ಮರಳಪಟ್ಟಿಯ ಮೇಲೆ ಕಯಾಕ್ ಹೊತ್ತು ಆಚೆಯ ಹೊಳೆಗೆ ಹಾಕೋಣ ಎಂದುಕೊಂಡೆ. ಈ ನಿರ್ಧಾರ ಸರಿಯೇ ಇತ್ತು. ಅದರ ನಂತರ ಮಾಡಿದ್ದೆಲ್ಲ ತಪ್ಪು.

ಮೊದಲನೆಯ ತಪ್ಪು ಕಣ್ಣಿನದು. ಸಮುದ್ರದ ಕಡೆಯಿಂದ ನೋಡುವವನಿಗೆ ತೆರೆಯ ಬೆನ್ನು ಮಾತ್ರ ಕಾಣುತ್ತದೆ, ಅದು ನುಣ್ಣಗೆ, ಸಾಧುವಾಗಿ ಇರುತ್ತದೆ. ಮುಖ ಕಾಣುವುದು ದಡದಲ್ಲಿ ನಿಂತವರಿಗೆ. "ಇಷ್ಟೇ ತಾನೇ" ಎಂದು ಪ್ಯಾಡಲ್ ಜೋರಾಗಿ ಬೀಸಿದೆ, ತೆರೆ ಬರುವ ಮೊದಲು ದಡ ಮುಟ್ಟಿಬಿಡುವ ಅಂದಾಜಿನಲ್ಲಿ. ಹಿಂದಿನಿಂದ ಬಂದ ಒಂದು ತೆರೆ ಕಯಾಕಿನ ಬಾಲವನ್ನು ಎತ್ತಿತು, ಮೂತಿ ನೀರಿಗೆ ನಾಟಿತು, ಇಡೀ ಕಯಾಕ್ ಅಡ್ಡ ತಿರುಗಿತು. ಹೆದರಿ ದಡದ ಕಡೆಗೆ ವಾಲಿದೆ. ಮಗುಚಲು ಅಷ್ಟು ಸಾಕು.

ಹೊರಗೆ ಬಂದು ಕಾಲೂರಿ ನಿಂತೆ. ಆಳ ಇಲ್ಲ, ಬದುಕಿದೆ ಅಂದುಕೊಂಡೆ. ಆದರೆ ನಿಂತದ್ದು ಕಯಾಕ್ ಮತ್ತು ದಡದ ಮಧ್ಯೆ. ಖಾಲಿ ಕಯಾಕ್ ಇಪ್ಪತ್ತೈದು ಕಿಲೋ ಇರಬಹುದು. ಒಳಗೆ ಇನ್ನೂರು ಲೀಟರ್ ನೀರು ತುಂಬಿದರೆ ಇನ್ನೂರು ಕಿಲೋ ಸೇರಿತು. ಮುಂದಿನ ತೆರೆ ಅದನ್ನು ಎತ್ತಿ ನನ್ನ ಕಾಲಿಗೆ ಹೊಡೆಯಿತು. ಮೂಳೆ ಮುರಿಯದೆ ಇದ್ದದ್ದು ಅದೃಷ್ಟ.

ಹತ್ತಿರದಲ್ಲೇ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುತ್ತಿದ್ದವರು ಬಂದು ಕಯಾಕ್ ಹಿಡಿದರು. ಅವರಲ್ಲಿ ವಯಸ್ಸಾದವರೊಬ್ಬರು ನನ್ನ ಕಾಲು ನೋಡಿ, ಆಮೇಲೆ ಸಮುದ್ರ ನೋಡಿ, "ನೀವು ತೆರೆಯ ಎದುರಲ್ಲಿ ಓಡುದು ಎಂತಕ್ಕೆ ಮಾರಾಯ್ರೆ? ಅದಕ್ಕೆ ದಾರಿ ಬಿಡಿ. ಅದು ಹೋದ ಮೇಲೆ ಅದರ ಬೆನ್ನಿಗೆ ಬನ್ನಿ" ಎಂದರು. ಆ ರಾತ್ರಿ ಊಟಕ್ಕೆ ಕೂತು ಬಟ್ಟಲಿನ ಮೇಲೆ ಬಗ್ಗಿದರೆ ಮೂಗಿನಿಂದ ಉಪ್ಪುನೀರು ಗಂಜಿಗೆ ಸುರಿಯಿತು. ಮಗುಚಿ ಎಂಟು ಗಂಟೆ ಕಳೆದಿತ್ತು!

ಅವರ ಮಾತನ್ನು ಮೈಗೆ ಹತ್ತಿಸಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಮೊಣಕಾಲೆತ್ತರದ ತೆರೆ ಇರುವ ಬೆಳಗ್ಗೆಗಳಲ್ಲಿ, ಹೆಲ್ಮೆಟ್ ಹಾಕಿ, ಹತ್ತು ಹದಿನೈದು ಸಲ ಒಳಗೆ ಹೊರಗೆ. ಈಗ ನಾನು ಮಾಡುವುದು ಹೀಗೆ.

ತೆರೆ ಒಡೆಯುವ ಗೆರೆಯಿಂದ ಸಾಕಷ್ಟು ಹೊರಗೆ ನಿಲ್ಲುತ್ತೇನೆ, ಮೂತಿ ಸಮುದ್ರದ ಕಡೆಗೆ. ತೆರೆ ತನ್ನೆತ್ತರಕ್ಕಿಂತ ಸ್ವಲ್ಪವೇ ಹೆಚ್ಚು ಆಳದಲ್ಲಿ ಒಡೆಯುತ್ತದೆ. ಒಂದು ಮೀಟರ್ ತೆರೆಯಾದರೆ ಸುಮಾರು 1.3 ಮೀಟರ್ ನೀರಲ್ಲಿ. ಹಾಗಾಗಿ ಮರಳದಿಬ್ಬ ಎಲ್ಲಿದೆ ಎಂದು ನೊರೆಯೇ ಹೇಳುತ್ತದೆ. ಎತ್ತರ ತಿಳಿಯಲು ದಡದಲ್ಲಿರುವ ಜನರನ್ನು ನೋಡುತ್ತೇನೆ. ತೆರೆ ಮುಂದೆ ಹೋದಾಗ ಅವರ ಕಾಲು ಮಾತ್ರ ಮರೆಯಾದರೆ ಬರಬಹುದು. ತಲೆಯೂ ಮರೆಯಾದರೆ ಸುಮ್ಮನೆ ಕೂರುತ್ತೇನೆ. ತೆರೆಗಳು ಗುಂಪು ಕಟ್ಟಿ ಬರುತ್ತವೆ, ಆರೇಳು ದೊಡ್ಡವು, ಆಮೇಲೆ ಸ್ವಲ್ಪ ಹೊತ್ತು ಬಿಡುವು. ಏಳನೆಯ ತೆರೆಯೇ ದೊಡ್ಡದು ಎನ್ನುವ ಲೆಕ್ಕವನ್ನು ನಾನು ನಂಬುವುದಿಲ್ಲ, ಪ್ರತಿ ಸಲ ಕನಿಷ್ಠ ಎರಡು ಗುಂಪು ಎಣಿಸುತ್ತೇನೆ. ಹತ್ತು ಹದಿನೈದು ನಿಮಿಷ ಬೇಕು. ಬಿಸಿಲಲ್ಲಿ ಇದೇ ಎಲ್ಲಕ್ಕಿಂತ ಕಷ್ಟ.

ಅಷ್ಟರಲ್ಲಿ ಡೆಕ್ಕಿನ ಮೇಲಿನ ಬಾಟಲಿ, ಹಗ್ಗ ಎಲ್ಲ ಒಳಗೆ ಹೋಗಬೇಕು. ನೀರು ಒಳಗೆ ಬಾರದಂತೆ ಸೊಂಟದ ಸುತ್ತ ಕಯಾಕಿನ ಬಾಯಿ ಮುಚ್ಚುವ ಹೊದಿಕೆ, ಸ್ಪ್ರೇ ಸ್ಕರ್ಟ್, ಅದನ್ನು ಬಿಚ್ಚಲು ಎಳೆಯುವ ಕುಣಿಕೆ ಹೊರಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಸ್ನಾನಕ್ಕೆ ಇಳಿದವರು ಇರುವ ಕಡೆ ಬರಲೇಬಾರದು. ತೆರೆಯಲ್ಲಿ ಬರುವ ಕಯಾಕ್ ಯಾರ ಮಾತೂ ಕೇಳುವುದಿಲ್ಲ. ಸಸಿಹಿತ್ಲಿನಲ್ಲಿ ಭಾನುವಾರ ಸರ್ಫಿಂಗ್ ಕಲಿಯುವ ಮಕ್ಕಳೂ ಇರುತ್ತಾರೆ.

ಗುಂಪಿನ ಕೊನೆಯ ದೊಡ್ಡ ತೆರೆ ನನ್ನ ಕೆಳಗಿಂದ ದಾಟಿದ ಕ್ಷಣ ತಿರುಗಿ ಅದರ ಬೆನ್ನಟ್ಟುತ್ತೇನೆ. ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಲೇ ಇರಬೇಕು. ಇನ್ನೊಂದು ಬಂದು ಬಾಲ ಎತ್ತತೊಡಗಿದರೆ ಮುಂದೆ ಬೀಸುವುದನ್ನು ನಿಲ್ಲಿಸಿ, ಹಿಂದಕ್ಕೆ ಎರಡು ಮೂರು ಬೀಸು. ಮನಸ್ಸು "ಓಡು, ಓಡು" ಅನ್ನುತ್ತದೆ, ಕೈ ಹಿಂದಕ್ಕೆ ಹಾಕಬೇಕು. ಅಷ್ಟಾದರೆ ತೆರೆ ಕೆಳಗಿಂದ ಹೋಗಿಬಿಡುತ್ತದೆ. ಮತ್ತೆ ಅದರ ಬೆನ್ನಿಗೆ.

ಆದರೂ ಒಮ್ಮೊಮ್ಮೆ ಒಡೆದ ನೊರೆ ಹಿಡಿಯುತ್ತದೆ, ಕಯಾಕ್ ಅಡ್ಡವಾಗುತ್ತದೆ. ಆಗ ಜಗಳಾಡಿ ಪ್ರಯೋಜನವಿಲ್ಲ. ದಡದ ಕಡೆಗಲ್ಲ, ತೆರೆಯ ಕಡೆಗೇ ವಾಲಬೇಕು. ಪ್ಯಾಡಲಿನ ಅಲಗನ್ನು ನೊರೆಯ ಮೇಲೆ ಚಪ್ಪಟೆ ಇಟ್ಟು ಅದರ ಮೇಲೆ ಭಾರ ಬಿಟ್ಟರೆ, ನೊರೆಯೇ ಹೊತ್ತುಕೊಂಡು ಪಕ್ಕಪಕ್ಕಕ್ಕೆ ದಡಕ್ಕೆ ತಂದು ಬಿಡುತ್ತದೆ. ಮೊಣಕೈ ಪಕ್ಕೆಗೆ ಅಂಟಿರಲಿ. ಕೈ ತಲೆಯ ಮೇಲೆ ಹೋದರೆ ಭುಜ ಕಳಚೀತು. ಇಳಿಯುವಾಗ ಸಮುದ್ರದ ಕಡೆಗೆ ಇಳಿಯುತ್ತೇನೆ, ಕಯಾಕ್ ಯಾವಾಗಲೂ ನನಗಿಂತ ದಡಕ್ಕೆ ಹತ್ತಿರ. ಹಿಡಿಕೆಯ ಹಗ್ಗದೊಳಗೆ ಬೆರಳು ತೂರಿಸುವುದಿಲ್ಲ, ಕಯಾಕ್ ಉರುಳಿದರೆ ಬೆರಳೂ ಜೊತೆಗೆ ತಿರುಚುತ್ತದೆ.

ತೆರೆ ಸ್ವಲ್ಪ ದೊಡ್ಡದಿದ್ದರೆ ನಾನು ಹಿಂದುಹಿಂದಾಗಿಯೇ ಬರುವುದು. ಮೂತಿ ಸಮುದ್ರಕ್ಕೆ, ನಿಧಾನ ಹಿಂದೆ ಬೀಸುತ್ತಾ. ತೆರೆ ಬಂದಾಗ ಅದನ್ನು ಎದುರಿಸಿ ನಾಲ್ಕು ಬೀಸು ಮುಂದೆ, ಅದು ಹೋದ ಮೇಲೆ ಮತ್ತೆ ಹಿಂದೆ. ನೋಡುವವರಿಗೆ ತಮಾಷೆ ಅನ್ನಿಸಬಹುದು. ನನಗೆ ಬರುವುದೆಲ್ಲ ಕಣ್ಣೆದುರೇ ಇರುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಇದ್ಯಾವುದೂ ಕೆಲಸಕ್ಕೆ ಬರಲಿಲ್ಲ. ಗಾಳಿ ಇಲ್ಲ, ಮೋಡ ಇಲ್ಲ, ಆದರೂ ದೂರದಿಂದ ಬಂದ ಉದ್ದನೆಯ ತೆರೆಗಳು. ಮಲಯಾಳದಲ್ಲಿ ಕಳ್ಳಕ್ಕಡಲ್ ಅನ್ನುವುದು ಇಂಥದ್ದಕ್ಕೇ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯ ತೆರೆ, ನಮ್ಮಲ್ಲಿ ಯಾವ ಸೂಚನೆಯೂ ಕೊಡದೆ ಬರುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಇಂಥ ತೆರೆಗೆ ಎಚ್ಚರಿಕೆ ಕೊಡುತ್ತದೆ, ನಾನು ಅವತ್ತು ನೋಡಿರಲಿಲ್ಲ. ಮೂರು ಗುಂಪು ಎಣಿಸಿದೆ, ಪ್ರತಿ ಸಲ ದಡದ ತೆಂಗಿನಮರಗಳ ಬುಡ ಮರೆಯಾಯಿತು. ಇಳಿಯಲಿಲ್ಲ. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಾ, ಒಂದೂಮುಕ್ಕಾಲು ಗಂಟೆ ಹೊರಗೇ ತೇಲುತ್ತಾ ಇದ್ದೆ. ಇಳಿತ ಮುಗಿದು ಉಬ್ಬರ ತಿರುಗಿತು, ಅಳಿವೆಯ ಬಾಯಲ್ಲಿ ನೊರೆ ಕಡಿಮೆಯಾಯಿತು. ಒಳಗೆ ಹರಿಯುವ ನೀರಿನ ಜೊತೆ ನಡುದಾರಿ ಹಿಡಿದು ಹೊಳೆಗೆ ಬಂದೆ. ಮನೆ ಮುಟ್ಟುವಾಗ ಎರಡೂವರೆ, ಅನ್ನ ಸಾರು ಎರಡೂ ತಣ್ಣಗಾಗಿದ್ದವು.